ನಮ್ಮ ಅಜ್ಜಿಯ ಸೌಟಿಗೆ ಗೀರೆಳೆದ ವ್ಯಾಖ್ಯಾನಕಾರರಿಗೆ

ರೋಮಿನ ಸಮಸ್ತ ಕಾವ್ಯಗಳ ಪಾಲಕರೂ ಪಾಠಶಾಲೆಯ ದೀಪವೂ ಆದ ಲಾರ್ಟಿಯಸ್ ಹಿಲಾರಸ್ ಅವರ ಸನ್ನಿಧಿಗೆ,

ಮಾನ್ಯರೇ,

ತಾವು ಕ್ಷೇಮವೆಂದು ನಂಬಿದ್ದೇನೆ. ನಾನು ಕ್ಷೇಮವೋ, ಅಸಲು ಇದ್ದೇನೋ ಎಂಬುದನ್ನು ತಮ್ಮ ಹೊಸ ವ್ಯಾಖ್ಯಾನ ಓದಿದ ಮೇಲೆ ಖಚಿತವಾಗಿ ಹೇಳಲಾರೆ.

ಸುಬುರಾ ಬೀದಿಯಲ್ಲಿ ಬಿಸಿ ಕಡಲೆ ಮಾರುವ ನಮ್ಮ ಅಜ್ಜಿ ಟಿಟಿನಿಯಾ, ಯೌವನದಲ್ಲಿ ಒಬ್ಬ ಕವಿಯ ಹಣೆಗೆ ಸೌಟಿನಿಂದ ಹೊಡೆದದ್ದೂ, ಆತ ಆ ಏಟನ್ನು ಹೆಸರು ಸಮೇತ ತನ್ನ ಕಾವ್ಯದ ಒಂದು ಸಾಲಾಗಿಸಿದ್ದೂ ಊರಿಗೆಲ್ಲ ಗೊತ್ತು. ಆತ ಗಿರಾಕಿಗಳನ್ನು ಅಡ್ಡಗಟ್ಟಿ ಪದ್ಯ ಓದುತ್ತಿದ್ದನಂತೆ. "ಕಡಲೆ ತಗೋ, ಇಲ್ಲಾ ದಾರಿ ಬಿಡಪ್ಪ, ನಿನ್ ಪದ್ಯ ಮುಗಿಯೋಷ್ಟರಲ್ಲಿ ನನ್ ಒಲೆ ಆರೋಗ್ತದೆ" ಎಂದು ಎಚ್ಚರಿಸಿಯೇ ಅಜ್ಜಿ ಹೊಡೆದದ್ದು. ಕವಿ ತೀರಿಹೋದ, ಅಜ್ಜಿ ಇದ್ದಾರೆ.

ತಾವಾದರೋ ಆ ಸಾಲಿನ ಪಕ್ಕ ಈಟಿಯಂಥ ಗೀರೆಳೆದು, 'ಇದು ಕವಿಯದಲ್ಲ, ಯಾರೋ ನಕಲುಗಾರ ಆಮೇಲೆ ತುರುಕಿದ್ದು. ಮಹಾಕವಿಯನ್ನು ಹೊಡೆಯುವ ಹೆಂಗಸು ಇರಲಾರಳು' ಎಂದು ಬರೆದಿರಿ. ಎಂಥ ಪಾಂಡಿತ್ಯ! ಸುಬುರಾಕ್ಕೆ ಕಾಲಿಡದೆ ಅಲ್ಲಿನ ಹೆಂಗಸರನ್ನು ಇಷ್ಟು ಬಲ್ಲವರು ಬೇರಿಲ್ಲ. ಅದೇ ಕಾವ್ಯದಲ್ಲಿ ಸಮುದ್ರದ ಮೇಲೆ ನಡೆದುಬಂದು ಭಾಷಣ ಮಾಡುವ ಹೋರಿಯನ್ನು ಮಾತ್ರ 'ಸಹಜ ವರ್ಣನೆ' ಎಂದು ಉಳಿಸಿಕೊಂಡಿದ್ದೀರಿ. ಹೋರಿಯ ಪರವಾಗಿ ವಂದನೆಗಳು.

ಅಜ್ಜಿಗೆ ಓದು ಬಾರದು. ಆ ಸಾಲು ತನ್ನ ಗೋರಿಕಲ್ಲಿನ ಮೇಲಿರಬೇಕೆಂಬುದೊಂದೇ ಅವರ ಆಸೆ. ಆದರೆ ತಮ್ಮ ಶಿಷ್ಯನೇ ಆದ ಕಲ್ಲುಕುಟಿಗ, "ಸಂಶಯದ ಸಾಲು ಕೆತ್ತಲ್ಲಮ್ಮ, ಗುರುಗಳು ಬೈತಾರೆ" ಎಂದು ಉಳಿ ಕೆಳಗಿಟ್ಟ. "ಹಂಗಾರೆ ಇಲ್ಲದೋಳಿಗೆ ಗೋರಿ ಯಾಕೋ?" ಎಂದ ಅಜ್ಜಿ ಆಮೇಲೆ ಒಲೆ ಹಚ್ಚಲೇ ಇಲ್ಲ. ಅವರು ಸುಮ್ಮನೆ ಕೂತದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ.

ಆ ಗೀರನ್ನು ಅಳಿಸಿ. ಅಳಿಸಲಾರಿರಾದರೆ ಕೆಲಸವನ್ನು ಅರ್ಧಕ್ಕೆ ಬಿಡಬೇಡಿ: ಗ್ರಂಥಾಲಯದಲ್ಲಿರುವ ಕವಿಪ್ರತಿಮೆಯ ಹಣೆಯ ಮೇಲಿನ ಏಟಿನ ಕಲೆ, ಅಜ್ಜಿ ಹೆತ್ತ ನಮ್ಮ ತಾಯಿ, ನಾನು, ಆ ಕಡಲೆ ತಿಂದು ಬೆಳೆದ ಅರ್ಧ ಊರು, ಎಲ್ಲಕ್ಕೂ ಗೀರೆಳೆಯಿರಿ. ತಮ್ಮ ತೀರ್ಥರೂಪರೂ ಕಡಲೆಗೆಂದು ಒಲೆಯ ಬಳಿ ಬರುತ್ತಿದ್ದರೆಂದು ಅಜ್ಜಿಗೆ ನೆನಪು. ಅವರ ವಿಷಯ ತಾವೇ ತೀರ್ಮಾನಿಸಬೇಕು.

ಇರಲಾರದ ಹೆಂಗಸಿನ ಮೊಮ್ಮಗ, ಆದರೂ ತಮ್ಮ ವಿಶ್ವಾಸಿ,
ಔಲಸ್ ವೆಟ್ಟಿಯಸ್

ವಿ.ಸೂ.: ಊರೆಲ್ಲ ಓದಲೆಂದು ಇದರ ಒಂದು ಪ್ರತಿಯನ್ನು ಪುಸ್ತಕದಂಗಡಿಯ ಕಂಬಕ್ಕೆ ತೂಗುಹಾಕಿ ಬರುವಷ್ಟರಲ್ಲಿ ಅಜ್ಜಿ ಎದ್ದು, ಸೌಟು ಹಿಡಿದು ತಮ್ಮ ಪಾಠಶಾಲೆಯತ್ತ ಹೊರಟಿದ್ದಾರೆ. ತಡೆಯಹೋದರೆ, "ಇಲ್ಲದೋಳನ್ನ ಹೆಂಗ್ ತಡೀತೀಯೋ?" ಎಂದರು. ತಾವು ಗಾಬರಿಯಾಗಬಾರದು. ಏಟು ಬಿದ್ದರೆ, ಅದು ಮೂಲದಲ್ಲಿರಲಿಲ್ಲ, ಯಾರೋ ಆಮೇಲೆ ತುರುಕಿದ್ದೆಂದು ತಿಳಿಯಿರಿ.