ಹದಿನಾಲ್ಕು ತಪ್ಪು, ಮೇಲೊಂದು ಊಟದ ಕರೆ

ಒಂದೇ ಸಿನಿಮಾವನ್ನು ಹನ್ನೊಂದು ಸಲ ನೋಡಿ, ಅದರ ಕತೆ ಏನು ಎಂದು ಕೇಳಿದರೆ ಹೇಳಲಾರದ ಮನುಷ್ಯನನ್ನು ನೀವು ಎಲ್ಲಾದರೂ ಕಂಡಿದ್ದೀರಾ? ನಾನು ಕಂಡಿದ್ದೇನೆ. ಅಷ್ಟೇ ಅಲ್ಲ, ಅವರ ಮನೆಯಲ್ಲಿ ಮೂರು ವರ್ಷ ರೊಟ್ಟಿ ತಿಂದಿದ್ದೇನೆ. ಅವರು ನನ್ನ ಸೋದರತ್ತೆಯ ಗಂಡ. ಹೆಸರು ಬರೆದರೆ ಅತ್ತೆ ಬೈಯುತ್ತಾಳೆ, ಆದ್ದರಿಂದ ಇಲ್ಲಿ ಬರೀ ಮಾವ ಎನ್ನುತ್ತೇನೆ.

ಇದು ಐವತ್ತರ ದಶಕದ ಮಾತು. ನಾನು ಧಾರವಾಡದಲ್ಲಿ ಮ್ಯಾಟ್ರಿಕ್ ಮುಗಿಸಿ, ಟೈಪಿಂಗ್ ಕಲಿತು, ಮುಂಬಯಿಗೆ ಬಂದು ಫೋರ್ಟಿನ ಒಂದು ಆಫೀಸಿನಲ್ಲಿ ಟೈಪಿಸ್ಟ್ ಆಗಿದ್ದೆ. ಇರುವುದು ವಡಾಲದ ಚಾಳಿನಲ್ಲಿ, ಮಾವನ ಒಂದೂವರೆ ಖೋಲಿಯಲ್ಲಿ. ಮಾವ ಬಟ್ಟೆ ಗಿರಣಿಯಲ್ಲಿ ತಪಾಸಣೆಯ ಕೆಲಸದವರು. ಮಗ್ಗದಿಂದ ಬಂದ ಬಟ್ಟೆಯನ್ನು ಮೇಜಿನ ಮೇಲೆ ಎಳೆಯುತ್ತ, ಎಲ್ಲಿ ಎಳೆ ಹರಿದಿದೆ, ಎಲ್ಲಿ ಗಂಟು ಬಿದ್ದಿದೆ ಎಂದು ನೋಡಿ ಪೆನ್ಸಿಲ್ಲಿನಿಂದ ಗುರುತು ಹಾಕುವುದು. ವಾರಕ್ಕೆ ಆರು ದಿನ ಸಂಬಳಕ್ಕಾಗಿ ತಪ್ಪು ಹುಡುಕಿದವರು ಏಳನೆಯ ದಿನ ಸುಮ್ಮನೆ ಕೂರುತ್ತಾರೆಯೇ? ಭಾನುವಾರ ತಮ್ಮ ಖರ್ಚಿನಲ್ಲಿ ಹುಡುಕುತ್ತಿದ್ದರು, ಸಿನಿಮಾದಲ್ಲಿ.

ಸಿನಿಮಾ ಎಂದರೆ ಅಳುವ ಸೊಸೆ, ಹಾಡುವ ನಾಯಕ ಅಲ್ಲ. ಸ್ಟಂಟ್ ಸಿನಿಮಾ. ಆಗ ಗೋರೆಗಾಂವಿನ ಒಂದು ಕಂಪನಿ ಮುಸುಕಿನ ಸರದಾರನೊಬ್ಬನ ಸಿನಿಮಾಗಳನ್ನು ಒಂದರ ಹಿಂದೊಂದು ತೆಗೆಯುತ್ತಿತ್ತು. ಕಣ್ಣು ಮಾತ್ರ ಕಾಣುವ ಕರಿ ಮುಸುಕು, ಕೈಯಲ್ಲಿ ಕತ್ತಿ. ಕೋಟೆಯ ಮೇಲಿಂದ ಹಾರಿದನೆಂದರೆ ಕುದುರೆಯ ಬೆನ್ನ ಮೇಲೇ ಬೀಳಬೇಕು. ನಮ್ಮ ಚಾಳಿನ ಗಿರಣಿಯವರೆಲ್ಲ ಅವನ ಭಕ್ತರು. ಅವನು ಹಾರಿದಾಗ ನಾಲ್ಕಾಣೆ ಕ್ಲಾಸಿನವರೆಲ್ಲ ಸೀಟಿ ಹೊಡೆಯುತ್ತಿದ್ದರು. ಆ ಸೀಟಿಗಳ ನಡುವೆ ಮಾವನ ದನಿಯೊಂದು ಏಳುತ್ತಿತ್ತು.

"ನೋಡಿದೇನೋ? ಹಾರುವಾಗ ಬಿಳಿ ಕುದುರಿ. ಬಿದ್ದದ್ದು ಕೆಂದ ಕುದುರಿ ಮ್ಯಾಲ."

ಸರದಾರ ನದಿಗೆ ಧುಮುಕಿ, ಮೊಸಳೆಯ ಜೊತೆ ಗುದ್ದಾಡಿ ಮೇಲೆ ಬಂದರೆ ನಮ್ಮ ಕಣ್ಣು ಅವನ ಗಾಯದ ಮೇಲೆ. ಮಾವನ ಕಣ್ಣು ಅವನ ತಲೆಗೆ ಸುತ್ತಿದ ಪಟಗದ ಮೇಲೆ. "ಪಟಗ ಒಣಾ ಐತಿ. ನೀರಾಗಿಂದ ಬಂದಾನೋ, ಇಸ್ತ್ರೀ ಅಂಗಡಿಂದ ಬಂದಾನೋ?" ರಾಜಕುಮಾರಿಯನ್ನು ಹೊತ್ತು ಓಡಿದರೆ, "ಬಾಗಲದಾಗ ಕಾಲಗೆಜ್ಜಿ ಇತ್ತು, ಅಂಗಳಕ್ಕ ಬರೂದ್ರಾಗ ಎಲ್ಲಿ ಹೋತು?" ಹಿಂದಿನ ಸಾಲಿನವರು "ಏ ಚಾಚಾ, ಚುಪ್ ಬೈಠೋ" ಎನ್ನುತ್ತಿದ್ದರು. ಪಕ್ಕದ ಮರಾಠಿಯವರು "ಗಪ್ ಬಸಾ ಹೋ" ಎನ್ನುತ್ತಿದ್ದರು. ಮಾವನಿಗೆ ಎರಡೂ ಭಾಷೆ ಚೆನ್ನಾಗಿ ಬರುತ್ತಿತ್ತು, ಆದರೆ ಆ ಹೊತ್ತಿನಲ್ಲಿ ಮಾತ್ರ ಯಾವುದೂ ತಿಳಿಯುತ್ತಿರಲಿಲ್ಲ.

ಅವರಿಗೆ ಎಲ್ಲಕ್ಕಿಂತ ಪ್ರೀತಿ ಗುಂಪಿನ ಜಗಳಗಳ ಮೇಲೆ. ನಾಯಕ ಮುಂದೆ ನಿಂತು ಎಷ್ಟೇ ಅಬ್ಬರಿಸಲಿ, ಮಾವ ಅವನ ಹೆಗಲಾಚೆ ಇಣುಕಿ ಹಿಂದೆ ನಿಂತ ಸಿಪಾಯಿಗಳನ್ನು ಒಬ್ಬೊಬ್ಬರಾಗಿ ನೋಡುತ್ತಿದ್ದರು. ಆದ್ದರಿಂದಲೇ ಯಾರಿಗೂ ಕಾಣದ ತಪ್ಪು ಅವರಿಗೆ ಕಾಣುತ್ತಿತ್ತು. ಒಬ್ಬ ಬಡ ಸಿಪಾಯಿ ಒಂದೇ ಸಿನಿಮಾದಲ್ಲಿ ಮೂರು ಸಲ ಸತ್ತಿದ್ದನ್ನು ಹಿಡಿದವರು ಅವರೇ. "ಮೊದಲ ಬಾಣದಿಂದ ಸತ್ತ, ಆಮ್ಯಾಲ ಬೆಂಕ್ಯಾಗ ಸತ್ತ, ಕಡೀಕ ಸರದಾರನ ಕಡೆಯಾಂವಾಗಿ ಸತ್ತ. ಪಾಪ, ಅವನ ಹೇಣ್ತಿಗಿ ಯಾವ ತಿಥಿ ಅಂತ ತಿಳೀಬೇಕು?"

ಈ ಚಟ ಮನೆಗೆ ಬರದಿದ್ದರೆ ಆಗುತ್ತಿತ್ತು. ಒಂದು ದಿನ ಅತ್ತೆ ನಳದ ಹತ್ತಿರ ನಡೆದ ಜಗಳವನ್ನು ಕೈ ತಿರುವಿ ತಿರುವಿ ವರ್ಣಿಸುತ್ತಿದ್ದಳು. ಮಾವ ಶಾಂತವಾಗಿ ಕೇಳಿದರು: "ಮೊನ್ನಿ ಹೇಳುವಾಗ ಆಕಿ ಕೈಯಾಗ ತಾಮ್ರದ ಕೊಡಾ ಇತ್ತು. ಇವತ್ತ ಹಿತ್ತಾಳಿ ಕೊಡಾ ಹ್ಯಾಂಗಾತು?" ಅತ್ತೆ ಆ ದಿನ ಅವರ ತಾಟಿಗೆ ಪಲ್ಯ ಬಡಿಸಲೇ ಇಲ್ಲ. ನನ್ನ ಮದುವೆಯ ಮಾತುಕತೆಗೆ ದಹಿಸರ್‌ನಿಂದ ಬಂದವರ ಗತಿಯೂ ಅದೇ. ಹುಡುಗಿಯ ತಂದೆ ಚಹಾಕ್ಕಿಂತ ಮೊದಲು ಮಗಳಿಗೆ ಹತ್ತೊಂಬತ್ತು ವರ್ಷ ಎಂದರು, ಚಹಾ ಆದ ಮೇಲೆ ಹದಿನೇಳು ಎಂದರು. ಮಾವ ಅದನ್ನು ಎತ್ತಿ ತೋರಿಸಿದರು. ಎರಡನೆಯ ಸಲ ಚಹಾಕ್ಕೆ ಅವರು ಬರಲಿಲ್ಲ.

ಆದರೆ ಒಂದು ವಿಚಿತ್ರ ನೋಡಿ. ಉಣ್ಣುವವರ ತಪ್ಪನ್ನು ಮಾವ ಎಂದೂ ಹಿಡಿಯುತ್ತಿರಲಿಲ್ಲ. ಸೋರಿದರೂ, ಚೆಲ್ಲಿದರೂ, ಬಾಯಿ ಚಪ್ಪರಿಸಿದರೂ ತಲೆ ತಗ್ಗಿಸಿ ತಮ್ಮ ಪಾಡಿಗೆ ಉಣ್ಣುತ್ತಿದ್ದರು. ಒಮ್ಮೆ ಪಕ್ಕದ ಖೋಲಿಯಾಕೆ ನಮ್ಮಲ್ಲಿ ಊಟಕ್ಕೆ ಕುಳಿತಾಗ, ತನ್ನ ಪುಟ್ಟ ಮಗಳು ಎಡಗೈಯಿಂದ ತುತ್ತೆತ್ತಿದಳೆಂದು ಆ ಕೈಗೆ ಪಟ್ಟೆಂದು ಹೊಡೆದಳು. ಮಾವ ಅರ್ಧ ತಾಟಿನಲ್ಲೇ ಎದ್ದು ಕೈ ತೊಳೆದುಕೊಂಡರು. ಸಾರಿಗೆ ಉಪ್ಪು ಹೆಚ್ಚಾಗಿರಬೇಕು ಎಂದುಕೊಂಡು ನಾನು ಅವರ ಪಾಲಿನ ರೊಟ್ಟಿಯನ್ನೂ ತಿಂದೆ.

ಸಿನಿಮಾದ ತಪ್ಪುಗಳು ಟಾಕೀಸಿನಲ್ಲೇ ಮುಗಿಯುತ್ತಿರಲಿಲ್ಲ. ಸೋಮವಾರ ಬೆಳಿಗ್ಗೆ ಗಿರಣಿಗೆ ಹೋಗುವ ಮೊದಲು ಮಾವ ಗೋರೆಗಾಂವಿನ ಕಂಪನಿಗೆ ಒಂದು ಕಾರ್ಡು ಬರೆಯುತ್ತಿದ್ದರು. ಇರುವೆಯಂಥ ಅಕ್ಷರ, ಒಂದರಿಂದ ಹದಿನಾಲ್ಕರವರೆಗೆ ತಪ್ಪುಗಳ ಪಟ್ಟಿ. ಕೆಳಗೆ ಮನೆಯ ವಿಳಾಸ. ಅದರ ಕೆಳಗೆ, ಪ್ರತಿ ಕಾರ್ಡಿನಲ್ಲೂ ತಪ್ಪದೆ, ಒಂದು ಸಾಲು: "ಒಮ್ಮೆ ಮನೆಗೆ ಊಟಕ್ಕೆ ಬರುವುದು." ಹದಿನಾಲ್ಕು ಸಲ ಬೈದು ಹದಿನೈದನೆಯದಕ್ಕೆ ಊಟಕ್ಕೆ ಕರೆಯುವ ಮನುಷ್ಯನನ್ನು ನಾನು ಬೇರೆಲ್ಲೂ ನೋಡಿಲ್ಲ.

ಇನ್ನೊಂದು ಹೇಳುವುದು ಮರೆತೆ. ಆ ಕಾರ್ಡುಗಳೆಲ್ಲ ಅಪ್ಪಟ ಕನ್ನಡದಲ್ಲಿ! ಹಿಂದಿ ಸಿನಿಮಾ ತೆಗೆಯುವ ಕಂಪನಿಗೆ ಕನ್ನಡದ ಕಾರ್ಡು. ಸ್ಟೇಷನ್ನಿನ ಎದುರಿನ ಉಡುಪಿ ಹೋಟೆಲಿನ ಮಾಲೀಕರಿಗೆ ಇದನ್ನು ಹೇಳಿದಾಗ ಅವರು ಗಲ್ಲಾದ ಮೇಲೆ ಕೈ ಬಡಿದು ನಕ್ಕರು. "ಅಲ್ಲ ಮಾರಾಯ್ರೆ, ಅಲ್ಲಿ ಅದನ್ನು ಓದುವವರು ಯಾರುಂಟು? ಕಡ್ಲೆ ಕಟ್ಲಿಕ್ಕೆ ಆದೀತು ಅಷ್ಟೆ."

ನಾನು ಮಾವನಿಗೆ ಹೇಳಿದೆ, "ಇಂಗ್ಲಿಷ್‌ನಾಗ ನಾ ಟೈಪ್ ಮಾಡಿಕೊಡ್ತೇನ್ರಿ, ಮಾವಾ."

"ಬ್ಯಾಡ," ಎಂದರು. "ಕನ್ನಡದಾಗ ಇರಲಿ."

ಒಂದು ಭಾನುವಾರ ನನ್ನನ್ನು ಗೋರೆಗಾಂವಿಗೂ ಕರೆದೊಯ್ದರು. ದಾದರಿನಲ್ಲಿ ಲೋಕಲ್ ಹತ್ತಿ, ಇಳಿದು, ಧೂಳಿನಲ್ಲಿ ನಡೆದು ಸ್ಟುಡಿಯೋದ ಗೇಟಿಗೆ ಹೋದೆವು. ದರವಾನ ಒಳಗೆ ಬಿಡಲಿಲ್ಲ. ಮಾವ ಬೇಸರಪಡಲಿಲ್ಲ. ಎದುರಿನ ಚಹಾದಂಗಡಿಯ ಬೆಂಚಿನ ಮೇಲೆ ಮೂರು ತಾಸು ಕುಳಿತು, ಹೊರಗೆ ಬಂದುಹೋಗುವ ಬಣ್ಣ ಬಳಿದ ಸಿಪಾಯಿ, ಕಳ್ಳ, ಪೈಲ್ವಾನರನ್ನೆಲ್ಲ ನೋಡಿದರು. ಸರದಾರನ ಪಾತ್ರದ ನಾಯಕ ದೊಡ್ಡ ಮೋಟಾರಿನಲ್ಲಿ ನಮ್ಮ ಮುಂದೆಯೇ ಹೋದ. ನಾನು ಎದ್ದು ಕುಣಿದೆ. ಮಾವ ಅತ್ತ ತಿರುಗಲೂ ಇಲ್ಲ.

ಗುರುವಿನ ಜೊತೆ ಇದ್ದೂ ಇದ್ದೂ ಶಿಷ್ಯನಿಗೂ ಕಣ್ಣು ಬರುತ್ತದೆ. ಸರದಾರನ ಮೂರನೆಯ ಸಿನಿಮಾವನ್ನು ನಾಲ್ಕನೆಯ ಸಲ ನೋಡುವಾಗ ನನಗೊಂದು ತಪ್ಪು ಸಿಕ್ಕಿತು. ಸಣ್ಣದಲ್ಲ, ಆನೆಯಂಥದ್ದು. ಮುಖ ಹತ್ತಿರ ಕಾಣುವಾಗ ಸರದಾರನ ಕತ್ತಿ ಬಲಗೈಯಲ್ಲಿ. ದೂರದಿಂದ ತೋರಿಸುವಾಗ, ಕೋಟೆ ಹಾರುವಾಗ, ಹತ್ತು ಮಂದಿಯ ಜೊತೆ ಬಡಿದಾಡುವಾಗ, ಎಡಗೈಯಲ್ಲಿ! ಇನ್ನೂ ಇದೆ. ದೂರದ ಸರದಾರ ಹಾರುವ ಮೊದಲು ಒಂದು ಗಳಿಗೆ ಬಗ್ಗಿ, ಎಡಗೈಯಿಂದ ನೆಲ ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತಾನೆ. ಹತ್ತಿರದವನು ಹಾಗೆ ಮಾಡುವುದಿಲ್ಲ. ಇಷ್ಟು ದೊಡ್ಡ ತಪ್ಪು ಮಾವನ ಒಂದು ಕಾರ್ಡಿನಲ್ಲೂ ಬಂದಿರಲಿಲ್ಲ.

ಟಾಕೀಸಿನಿಂದ ಬರುವಾಗ ಹೆಮ್ಮೆಯಿಂದ ಹೇಳಿದೆ. ಮಾವ ಶೇಂಗಾ ಸುಲಿಯುತ್ತಿದ್ದರು.

"ಅದು ಇರಲಿ ಬಿಡು," ಎಂದರು.

"ಇರಲಿ ಅಂದ್ರ? ಕುದುರಿ ಬಣ್ಣಾ ಬರೀತೀರಿ, ಇದನ್ಯಾಕ ಬರ್ಯೂದಿಲ್ಲ?"

"ಅದು ತಪ್ಪಲ್ಲೋ," ಎಂದು ಹೇಳಿ ಮುಂದೆ ನಡೆದರು.

ನನಗೆ ಎಷ್ಟು ಸಿಟ್ಟು ಬಂತೆಂದರೆ! ಶಿಷ್ಯ ಗೆದ್ದದ್ದು ಗುರುವಿಗೆ ಹಿಡಿಸಲಿಲ್ಲ ಎಂದುಕೊಂಡೆ. ಮರುದಿನ ಆಫೀಸಿನಲ್ಲಿ ಸಾಹೇಬರು ಊಟಕ್ಕೆ ಹೋದಾಗ ಕಾಗದ ಏರಿಸಿ, ಒಳ್ಳೆಯ ಇಂಗ್ಲಿಷಿನಲ್ಲಿ, 'ಮಾನ್ಯರೇ' ಎಂದು ಶುರುಮಾಡಿ ಕಂಪನಿಗೆ ಪತ್ರ ಟೈಪ್ ಮಾಡಿದೆ. ಬೇರೆ ಯಾವ ತಪ್ಪೂ ಇಲ್ಲ, ಎಡಗೈ ಒಂದೇ. ಊಟಕ್ಕೇನೂ ಕರೆಯಲಿಲ್ಲ.

ಏಳೆಂಟು ತಿಂಗಳಾದ ಮೇಲೆ ಸರದಾರನ ನಾಲ್ಕನೆಯ ಸಿನಿಮಾ ಬಂತು. ಮೊದಲ ಭಾನುವಾರದ ಮ್ಯಾಟಿನಿಗೆ ನಾವಿಬ್ಬರೂ ಹಾಜರು. ಸರದಾರ ಹಾರಿದ, ಕುದುರೆಯ ಬಣ್ಣ ಎಂದಿನಂತೆ ಬದಲಾಯಿತು. ಮಾವ ಮಾತಾಡಲಿಲ್ಲ. ಸಿಪಾಯಿಯೊಬ್ಬನ ಮುಂಗೈಯಲ್ಲಿ ಗಡಿಯಾರ ಫಳಫಳ ಹೊಳೆಯಿತು. ಮಾತಿಲ್ಲ. ಹಿಂದಿನ ಸಾಲಿನವನೊಬ್ಬ ತಡೆಯಲಾರದೆ, "ಕ್ಯಾ ಚಾಚಾ, ಆಜ್ ತಬಿಯತ್ ಠೀಕ್ ನಹೀ ಕ್ಯಾ?" ಎಂದು ಕೇಳಿಯೇಬಿಟ್ಟ. ಮಾವ ಮುಂದಿನ ಬೆಂಚನ್ನು ಎರಡೂ ಕೈಗಳಿಂದ ಹಿಡಿದು, ದೂರದ ಚಿತ್ರ ಬಂದಾಗಲೆಲ್ಲ ಅರ್ಧ ಎದ್ದು, ಮತ್ತೆ ಕೂರುತ್ತಿದ್ದರು.

ಹೊರಗೆ ಬಂದು ಉಡುಪಿ ಹೋಟೆಲಿನಲ್ಲಿ ಕುಳಿತೆವು. ಚಹಾ ಬಂತು.

"ಎಲ್ಲಾ ಕಡೆ ಬಲಗೈ," ಎಂದರು ಮಾವ. "ಹತ್ತರದಾಗೂ ಬಲಗೈ, ದೂರದಾಗೂ ಬಲಗೈ. ನೆಲಾನೂ ಮುಟ್ಟಲಿಲ್ಲ."

ನಾನು ಎದೆ ಉಬ್ಬಿಸಿದೆ. "ಅದು ನನ್ನ ಪತ್ರದ ಪ್ರತಾಪರೀ, ಮಾವಾ. ಇಂಗ್ಲಿಷ್‌ನಾಗ ಬರದ್ರ ಹ್ಯಾಂಗ ಕೆಲಸ ಆಗತೈತಿ ನೋಡ್ರಿ."

ಮಾವ ನನ್ನ ಮುಖವನ್ನೇ ನೋಡಿದರು. "ನೀ ಬರದಿದ್ದೇನು?"

"ಹೌದ್ರಿ."

ಅವರ ಚಹಾದ ಮೇಲೆ ಕೆನೆ ಕಟ್ಟಿತು. ಕಪ್ಪನ್ನು ಪಕ್ಕಕ್ಕೆ ಸರಿಸಿ, ಯಾರದೋ ಮನೆಯ ಮಾತು ಹೇಳುವವರ ಹಾಗೆ ಹೇಳಿದರು:

"ನನಗೊಬ್ಬಾಂವ ತಮ್ಮ ಇದ್ದ. ಎಡಚ. ಊರ ಗರಡಿಮನ್ಯಾಗ ಕತ್ತಿ ತಿರುವೂದರಾಗ ಅವನ್ನ ಮೀರಿಸಾವ್ರ ಇರಲಿಲ್ಲ. ನೆಲಾ ಮುಟ್ಟಿ ಕಣ್ಣಿಗಿ ಒತ್ತಿಕೊಂಡ ಕತ್ತಿ ಹಿಡಿಯಾಂವ, ಅದೂ ಎಡಗೈಲೇನ. ಅಪ್ಪ ಇರಲಿಲ್ಲ, ತಿದ್ದಿ ತೀಡೂದು ನನ್ನ ಪಾಲಿಗಿ ಬಂದಿತ್ತು. ಒಮ್ಮೆ ಬೀಗರ ಪಂಕ್ತ್ಯಾಗ ಎಡಗೈಲೆ ತುತ್ತ ಎತ್ತಿದ. ಮಂದಿ ನಕ್ಕರು. ನಾ ಎದ್ದು ಹಿತ್ತಾಳಿ ಸೌಟಿಲೆ ಆ ಕೈಮ್ಯಾಲ ಹೊಡದೆ. ಎಲಿ ಬಿಟ್ಟು ಎದ್ದಾಂವ ತಿರುಗಿ ಮನೀಗಿ ಬರಲಿಲ್ಲ. ಮುಂಬೈದಾಗ ಸಿನಿಮಾದಾವ್ರ ಬದಲಿ ಹಾರಿ ಬೀಳ್ತಾನಂತ ಯಾರೋ ಹೇಳಿದ್ರು. ಅದಕ ನಾನೂ ಇಲ್ಲಿ ಗಿರಣಿ ಸೇರಿದೆ."

ಮಾವ ಹಿಂದೆಯೇ ಸ್ಟುಡಿಯೋದ ಗೇಟಿನಲ್ಲಿ ತಮ್ಮನ ಹೆಸರು ಹೇಳಿ ವಿಚಾರಿಸಿದ್ದರಂತೆ. ಅಂಥ ಹೆಸರಿನವರು ಯಾರೂ ಇಲ್ಲ ಎಂದಿದ್ದರಂತೆ.

"ಹೆಸರು ಬದಲ ಮಾಡ್ಯಾನೋ ಏನೋ. ಅದಕ ಕನ್ನಡದಾಗ ಬರ್ಯಾಕ ಹತ್ತಿದೆ. ಕನ್ನಡದ ಕಾರ್ಡು ಬಂತಂದ್ರ ಓದಾಕ ಒಬ್ಬಾಂವ ಕನ್ನಡದಾವನ್ನ ಹುಡಕಬೇಕಲ್ಲೋ? ಇವತ್ತಲ್ಲ ನಾಳೆ ಅವನ ಕೈಗಿ ಕೊಟ್ಟಾರು. ನನ್ನ ಅಕ್ಷರಾ ಅವಂಗ ಗೊತ್ತೈತಿ."

ನನಗೆ ಕುಳಿತಲ್ಲೇ ಭೂಮಿ ಬಾಯಿ ಬಿಡಬಾರದೇ ಎನಿಸಿತು. ಮೂರು ವರ್ಷ ಅವರನ್ನು ನೋಡಿ ನಕ್ಕಿದ್ದೆನಲ್ಲ! ಹಲವು ಭಾನುವಾರಗಳಿಂದ ಆ ಮನುಷ್ಯ ನಾಲ್ಕಾಣೆ ಕೊಟ್ಟು ತಮ್ಮನನ್ನು ನೋಡಿಬರುತ್ತಿದ್ದರು. ಮುಖವಲ್ಲ, ಅದಕ್ಕೆ ಮುಸುಕಿತ್ತು. ಒಂದು ಕೈ ಮಾತ್ರ. ಆ ಕೈಯನ್ನು ನಾನು ಒಳ್ಳೆಯ ಇಂಗ್ಲಿಷಿನಲ್ಲಿ ಅಳಿಸಿ ಹಾಕಿದ್ದೆ.

"ತಪ್ಪಾತು ಮಾವಾ," ಎಂದೆ. ಕಣ್ಣಲ್ಲಿ ನೀರು ಬಂತು, ಹೋಟೆಲೆಂದು ನಾಚಿಕೆಯೂ ಆಗಲಿಲ್ಲ. ಆ ತಮ್ಮನನ್ನು ಕೆಲಸದಿಂದ ತೆಗೆದುಹಾಕಿದರೋ, ಬಲಗೈಗೆ ಕಲಿಸಿದರೋ, ತಾನೇ ಬಿಟ್ಟುಹೋದನೋ, ಯಾರಿಗೆ ಗೊತ್ತು? ಮರುದಿನವೇ ಇನ್ನೊಂದು ಪತ್ರ ಟೈಪ್ ಮಾಡಿ ಕೇಳಿದೆ. ಅದಕ್ಕೆ ಉತ್ತರ ಬರಲಿಲ್ಲವೆಂದು ಈಗಲೇ ಹೇಳಿಬಿಡುತ್ತೇನೆ.

ಮಾವ ನನ್ನನ್ನು ಬೈಯಲಿಲ್ಲ. "ನೀನೂ ತಿದ್ದೀದಿ, ನಾನೂ ತಿದ್ದಿದ್ದೆ," ಎಂದರು. "ತಿದ್ದಾವ್ರ ಕೈ ತಡದಾವ್ರ ಯಾರು?"

ಆಮೇಲೆ ಅಂಗಿಯ ಕಿಸೆಯಿಂದ ಕಾರ್ಡು, ಗಿರಣಿಯ ಪೆನ್ಸಿಲ್ಲು ತೆಗೆದರು. ಎರಡಕ್ಷರ ಬರೆಯುವಷ್ಟರಲ್ಲಿ ಕಾರ್ಡು ಮೇಜಿನ ಮೇಲೆ ಜಾರಿತು. ನಾನು ಬರೆಯಲೇ ಎಂದೆ. ಬೇಡ, ನನ್ನ ಅಕ್ಷರವೇ ಇರಬೇಕು ಎಂದರು. ಕಾರ್ಡು ಅಲುಗಾಡದಂತೆ ನಾನು ಮೇಜಿನ ಮೇಲೆ ಒತ್ತಿ ಹಿಡಿದೆ. ಹದಿನಾಲ್ಕು ತಪ್ಪು ಹಿಡಿಸುವ ಕಾರ್ಡಿನಲ್ಲಿ ಅಂದು ಅವರು ಬರೆದದ್ದು ಇಷ್ಟೇ:

"ಈ ಸಲದ ಚಿತ್ರದಲ್ಲಿ ಒಂದೇ ತಪ್ಪು. ಎಡಗೈ ಕಾಣಲಿಲ್ಲ. ಒಮ್ಮೆ ಮನೆಗೆ ಊಟಕ್ಕೆ ಬರುವುದು. ಯಾವ ಕೈಯಿಂದ ಉಂಡರೂ ನಡೆಯುತ್ತದೆ."