ಲೆಫ್ಟ್ ಔಟ್ ಭಾವ

ನಮ್ಮ ಭಾವ ಸರ್ಜನ್ ಎಂದರೆ ಬೆಂಗಳೂರು ದಂಡುಪ್ರದೇಶದ ಅರ್ಧ ಜನ ನಂಬುತ್ತಿರಲಿಲ್ಲ. ಉಳಿದರ್ಧ ಜನ ನಂಬುತ್ತಿದ್ದರು, ಆದ್ದರಿಂದಲೇ ಹೆದರುತ್ತಿದ್ದರು!

ತಪ್ಪು ಜನರದ್ದಲ್ಲ. ಕಾಲೇಜಿನ ದಿನಗಳಲ್ಲಿ ಬರಿಗಾಲಲ್ಲಿ ಫುಟ್‌ಬಾಲ್ ಆಡಿ, ಬೂಟು ತೊಟ್ಟ ಗೋರಾ ಸಿಪಾಯಿಗಳಿಗೆ ಒಂದೇ ಸಂಜೆ ಮೂರು ಗೋಲು ಹೊಡೆದವರು ಅವರು. ಮರ್ಫಿ ಟೌನಿನ ಜನ ಹೆಗಲ ಮೇಲೆ ಹೊತ್ತು ಹಲಸೂರು ಕೆರೆಯವರೆಗೂ ಮೆರವಣಿಗೆ ಮಾಡಿದರಂತೆ. ಖುಷಿಯಲ್ಲಿ ಕೆರೆಗೆ ಎಸೆಯದೆ ಇಳಿಸಿದ್ದೇ ನಮ್ಮಕ್ಕನ ಮಾಂಗಲ್ಯಭಾಗ್ಯ! ಅಂಥವರು ಮದ್ರಾಸಿಗೆ ಹೋಗಿ ಓದಿ ಬಂದು, ಇನ್ನು ಮೇಲೆ ನನ್ನ ಕೆಲಸವೆಲ್ಲ ಕೈಯಲ್ಲಿ ಎಂದರೆ ಯಾರು ತಾನೇ ಒಪ್ಪುತ್ತಾರೆ?

ಹಲಸೂರಿನ ನಮ್ಮ ಮನೆಗೆ ಅಕ್ಕನನ್ನು ನೋಡಲು ಬಂದದ್ದೂ ಮೈದಾನದಿಂದಲೇ. ಮುಖ ತೊಳೆದಿದ್ದರು, ಕಾಲು ಮರೆತಿದ್ದರು. ಅಮ್ಮ ಹಾಸಿದ್ದ ಹೊಸ ಜಮಖಾನದ ಮೇಲೆ ಕೆಮ್ಮಣ್ಣಿನ ಎರಡು ಪಾದ ಮೂಡಿದವು. ಉಪ್ಪಿಟ್ಟಿನ ತಟ್ಟೆ ಹಿಡಿದು ಬಂದ ಅಕ್ಕ ನೋಡಿದ್ದು ಅವನ್ನೇ. ನಮ್ಮಪ್ಪ ಸ್ಕೂಲ್ ಮೇಷ್ಟ್ರು, ಆಟದ ಗಂಧವಿಲ್ಲ. ಗಂಟಲು ಸರಿಮಾಡಿಕೊಂಡು, "ಸದ್ಯಕ್ಕೆ ಏನಾಗಿದೀರಿ?" ಎಂದರು.

"ಲೆಫ್ಟ್ ಔಟ್, ಸಾರ್."

ಅಪ್ಪನ ಮುಖ ಕರಗಿಹೋಯಿತು. "ಅಯ್ಯೋ ಪಾಪ! ಯಾವ ಆಸ್ಪತ್ರೆಯವರಪ್ಪಾ ನಿಮ್ಮನ್ನ ಕೈಬಿಟ್ಟಿದ್ದು?"

ಎಡಗಡೆ ಅಂಚಿನಲ್ಲಿ ಮುನ್ನುಗ್ಗಿ ಆಡುವವರಿಗೆ ಹಾಗೆನ್ನುತ್ತಾರೆ ಎಂದು ಅಪ್ಪನಿಗೆ ತಿಳಿಯುವಷ್ಟರಲ್ಲಿ, ಬರೀ ಕನಿಕರದಿಂದಲೇ ಸಂಬಂಧ ಗಟ್ಟಿಯಾಗಿತ್ತು!

ಮದುವೆಯಾದ ಮೇಲೆ ಅಕ್ಕ ಅವರ ಜೊತೆ ರಸೆಲ್ ಮಾರುಕಟ್ಟೆಗೆ ಹೋದದ್ದು ಒಂದೇ ಸಲ. ರಾಶಿಯಿಂದ ಒಂದು ಎಲೆಕೋಸು ಜಾರಿ ಉರುಳಿತು. ಭಾವನ ಕಾಲು ಸುಮ್ಮನಿರುತ್ತದೆಯೇ? ಪಾದದಲ್ಲಿ ತಡೆದು, ಮಂಡಿಗೆ ಹಾರಿಸಿ, ಅಲ್ಲಿಂದ ತರಕಾರಿ ಅಂಗಡಿಯ ಸಾಹೇಬರ ಕೈಗೇ ತಲುಪಿಸಿದರು. ಚಪ್ಪಾಳೆಯೋ ಚಪ್ಪಾಳೆ! ಎದುರಿನ ಅಂಗಡಿಯವನು ಕುಂಬಳಕಾಯಿ ಎತ್ತಿಕೊಂಡು, "ಡಾಕ್ಟರ್ ಸಾಬ್, ಇದೂ ಒಂದು ನೋಡಿ!" ಎಂದ. ಅಕ್ಕ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಮನೆ ಸೇರಿದಳು.

ಅದೇ ತರಕಾರಿ ಸಾಹೇಬರಿಗೆ ಮುಂದೆ ಹರ್ನಿಯಾ ಆಯಿತು. ಆಪರೇಷನ್ ಮೇಜಿನ ಮೇಲೆ ಮಲಗಿ, ಭಾವನ ಪಾದಗಳನ್ನೇ ದಿಟ್ಟಿಸುತ್ತಾ ಕೇಳಿದರಂತೆ: "ಅರೇ ಡಾಕ್ಟರ್ ಸಾಬ್, ಕೈಯಲ್ಲೇ ಮಾಡ್ತೀರಲ್ಲಾ?"

ನಗುವ ಮಾತು ಇಲ್ಲಿಗೆ ಸ್ವಲ್ಪ ನಿಲ್ಲಲಿ.

ಎರಡನೇ ಮಹಾಯುದ್ಧ ಮುಗಿಯುವ ವರ್ಷ. ದಂಡಿನ ರಸ್ತೆಯಲ್ಲಿ ಮಿಲಿಟರಿ ಲಾರಿಯೊಂದು ಮರ್ಫಿ ಟೌನಿನ ಹೂವಿನವಳೊಬ್ಬಳ ಕಾಲಿನ ಮೇಲೆ ಹರಿಯಿತು. ನಲವತ್ತರ ಹೆಂಗಸು, ಗಂಡ ಇಲ್ಲ, ಬೆಳೆದ ಮಗಳೊಬ್ಬಳಿದ್ದಳು. ಆಸ್ಪತ್ರೆಯ ದೊಡ್ಡ ಡಾಕ್ಟರು ನೋಡಿ, ಮಂಡಿಯ ಕೆಳಗೆ ತೆಗೆದುಬಿಡಿ, ಜೀವವಾದರೂ ಉಳಿಯುತ್ತದೆ ಎಂದರು. ಅವಳು ಭಾವನ ಕೋಟಿನ ಅಂಚು ಹಿಡಿದುಕೊಂಡಳು.

"ಸಾಮಿ, ನಾನು ಕೂತು ಮಾರೋಳಲ್ಲ. ಬೀದಿ ಬೀದಿ ನಡೆದು ಮಾರೋಳು. ಕಾಲು ಹೋದ್ರೆ ನನ್ನ ಬುಟ್ಟಿ ಯಾರು ಹೊರ್ತಾರೆ?"

ಭಾವ ದೊಡ್ಡ ಡಾಕ್ಟರ ಮುಂದೆ ಹೋಗಿ ನಿಂತರು. ಅವಳಿಗೆ ಏನಾದರೂ ಆದರೆ ಹೊಣೆ ನನ್ನದು ಎಂದು ಬರೆದುಕೊಟ್ಟು ಕಾಲನ್ನು ಉಳಿಸಲು ಅಪ್ಪಣೆ ಪಡೆದರು. ಬೆಳಿಗ್ಗೆ ಆಪರೇಷನ್ ಕೋಣೆಯೊಳಗೆ ಹೋದವರು ಮಧ್ಯಾಹ್ನ ದಾಟಿದ ಮೇಲೆ ಹೊರಬಂದರು. ಅನಂತರ ಜ್ವರ. ಆಗ ಅಕ್ಕ, ಭಾವ ನಮ್ಮ ಮನೆಯಲ್ಲೇ ಇದ್ದರು; ಅವಳ ಜ್ವರ ಏರಿದ ದಿನಗಳಲ್ಲಿ ನಮ್ಮ ಮನೆಯಲ್ಲೂ ಅನ್ನ ಇಳಿಯಲಿಲ್ಲ. ಭಾವ ತಟ್ಟೆಯ ಮುಂದೆ ಕೂತು, ಅನ್ನ ಕಲಸಿ, ಎದ್ದು ಹೋಗುತ್ತಿದ್ದರು. "ತಪ್ಪು ಮಾಡ್ಬಿಟ್ಟೆ ಅನ್ಸುತ್ತೆ ಕಣೇ. ಅವಳ ಕಾಲು ಉಳಿಸೋಕೆ ಹೋಗಿ ಜೀವಾನೇ..." ಎಂದು ಅಕ್ಕನ ಹತ್ತಿರ ಹೇಳುವುದು ಕೇಳಿ ನನಗೆ ಭಯವಾಯಿತು.

ಎಂಟನೆಯ ದಿನ ಆಸ್ಪತ್ರೆಯಿಂದ ಬಂದವರು ಬಾಗಿಲಲ್ಲೇ ಕೂಗಿದರು: "ಜ್ವರ ಇಳೀತು! ಹೆಬ್ಬೆರಳು ಆಡಿಸಿದ್ಲು ಕಣೇ, ಹೆಬ್ಬೆರಳು!" ಅಂದು ತಿಂದ ದೋಸೆಗಳ ಲೆಕ್ಕ ಬೇಡ, ಅಮ್ಮನ ಕಣ್ಣು ತಾಕೀತು!

ಮೂಳೆ ಕೂಡಿತು, ಆದರೆ ಧೈರ್ಯ ಕೂಡಲಿಲ್ಲ. ವಾರಗಳಾದರೂ ಅವಳು ಆ ಕಾಲನ್ನು ನೆಲಕ್ಕೆ ಊರಲು ಒಪ್ಪಲಿಲ್ಲ. ಒಂದು ಮಧ್ಯಾಹ್ನ ನಾನು ಭಾವನಿಗೆ ಊಟದ ಕ್ಯಾರಿಯರ್ ತಂದಾಗ ವಾರ್ಡಿನ ವರಾಂಡದಲ್ಲಿ ಗಲಾಟೆಯೋ ಗಲಾಟೆ. ಅವಳು ಕಂಬ ಹಿಡಿದು ನಿಂತಿದ್ದಾಳೆ. ಎದುರಿಗೆ ಫುಟ್‌ಬಾಲ್! ನರ್ಸಮ್ಮ ಸೊಂಟದ ಮೇಲೆ ಕೈಯಿಟ್ಟು, "ಡಾಕ್ಟರ್, ಇದು ಆಸ್ಪತ್ರೆ!" ಎಂದು ಗದರುತ್ತಿದ್ದಾರೆ.

"ಮಗಳಿಗೆ ಮದುವೆ ವಯಸ್ಸಾಯ್ತು ಸಾಮಿ, ನಾನು ಬಾಲ್ ಒದೀಲಾ?"

"ಒದೀಬೇಡಿ ತಾಯಿ. ಸುಮ್ನೆ ತಾಕ್ಸಿ, ಸಾಕು."

ಅವಳು ನಾಚಿ, ಸೀರೆ ತುಸು ಎತ್ತಿ, ಕಣ್ಣು ಮುಚ್ಚಿ ಕಾಲು ತಾಕಿಸಿದಳು. ಬಾಲು ಮೆಲ್ಲಗೆ ಉರುಳಿ ವರಾಂಡದ ಆ ತುದಿ ಸೇರಿತು. ಭಾವ ತರಲು ಹೊರಟರು.

"ನಿಲ್ಲಿ ಸಾಮಿ. ಕಳ್ಸಿದ್ದು ನಾನು, ನಾನೇ ತರ್ತೀನಿ."

ಕಂಬ ಬಿಟ್ಟಳು. ಒಂದು ಹೆಜ್ಜೆ ಇಟ್ಟಳು. ಹಲ್ಲು ಕಚ್ಚಿ ಇನ್ನೊಂದು. ಭಾವ ಅವಳ ಹಿಂದೆಯೇ, ಎಲ್ಲೂ ಮುಟ್ಟದೆ, ಎರಡೂ ಕೈ ಚಾಚಿಕೊಂಡು ನಡೆದರು. ವಾರ್ಡಿನವರೆಲ್ಲ ಉಸಿರು ಬಿಗಿಹಿಡಿದಿದ್ದರು. ನರ್ಸಮ್ಮನೂ. ಅವಳು ತುದಿ ಮುಟ್ಟಿ, ಗೋಡೆ ಹಿಡಿದು ಬಗ್ಗಿ, ಬಾಲನ್ನೆತ್ತಿ ಹೂವಿನ ಬುಟ್ಟಿಯ ಹಾಗೆ ಸೊಂಟಕ್ಕಿಟ್ಟುಕೊಂಡು ತಿರುಗಿದಳು. ಮುಖವೆಲ್ಲ ಬೆವರು, ನಗು.

"ಇನ್ನೊಂದ್ಸಲ ಆಡೋಣ್ವಾ ಸಾಮಿ?"

ಭಾವ ಏನಾದರೂ ತಮಾಷೆ ಮಾಡುತ್ತಾರೆಂದು ಕಾದೆ. ಅವರು ಅವಳ ಕೈಯಿಂದ ಬಾಲು ತೆಗೆದುಕೊಂಡು, ಬಗ್ಗಿ, ಮತ್ತೆ ಅವಳ ಪಾದದ ಮುಂದಿಟ್ಟರು.