ಹಗ್ಗದ ಮೇಲೆ ನಾಲ್ಕೇ ಬಟ್ಟೆ

ಓದು ನನಗೆ ಹತ್ತಲಿಲ್ಲ, ಆರನೇ ಕ್ಲಾಸಿಗೇ ಬಿಟ್ಟೆ. ಆದರೆ ಯಾರ ಹೊಟ್ಟೆ ತುಂಬಿದೆ, ಯಾರದು ತುಂಬಿಲ್ಲ ಅಂತ ನೋಡಿದ ಕೂಡಲೇ ಹೇಳಬಲ್ಲೆ ಅನ್ನುವ ಜಂಬ ಮಾತ್ರ ಇತ್ತು. ಡೆಲ್ಲಿಯ ಹೌಜ್ ಖಾಸ್‌ನ ಒಂದು ಉಡುಪಿ ಹೋಟೆಲಿನಲ್ಲಿ ಎಂಟು ವರ್ಷದಿಂದ ಸಪ್ಲೈಯರ್ ನಾನು. ವಾಪಸ್ ಬಂದ ತಟ್ಟೆ ನೋಡಿದರೆ ಸಾಕು, ಎಲ್ಲ ಗೊತ್ತಾಗುತ್ತದೆ. ಆ ಜಂಬ ಇಳಿಸಿದವಳು ಹನ್ನೆರಡು ದಿನದ ನನ್ನ ಮಗಳು.

ಕುಡಿಯುತ್ತಾಳೆ, ಮಲಗುತ್ತಾಳೆ, ಎದ್ದು ಮತ್ತೆ ಅಳುತ್ತಾಳೆ. ಎಷ್ಟು ಕುಡಿದಳು? ತಟ್ಟೆ ಇಲ್ಲ, ಲೋಟ ಇಲ್ಲ, ತಿಳಿಯುವುದು ಹೇಗೆ? ಕುಂದಾಪುರದಿಂದ ಅತ್ತೆ ಫೋನಿನಲ್ಲಿ, "ಹಾಲು ಸಾಲ್ತಿಲ್ಲ ಕಾಣ್ತದೆ, ಪೌಡರ್ ಡಬ್ಬಿ ತನ್ನಿ" ಅಂದರು. ನನ್ನ ಹೆಂಡತಿ ಸುಜಾತಾಳ ಕಣ್ಣು ತುಂಬಿತು. ತನ್ನ ಹಾಲೇ ಕೊಡಬೇಕು ಅಂತ ಅವಳಿಗೆ ಹಟ. ಕೂಸು ಉಪವಾಸ ಬಿದ್ದರೆ ಅಂತ ನನಗೆ ಹೆದರಿಕೆ. ಇಬ್ಬರೂ ಆಸ್ಪತ್ರೆಗೆ ಹೋದೆವು.

ಅಲ್ಲಿನ ನರ್ಸ್ ಅಮ್ಮನನ್ನು ನಾನು ಬಿಡಲಿಲ್ಲ. ಹಾಲು ಎಲ್ಲಿ ಸ್ಟಾಕ್ ಇರುತ್ತದೆ? ಖಾಲಿಯಾದರೆ ಏನು ಕಥೆ? ಕಣ್ಣು ಸರಿಯಾಗಿ ಬಿಡದ ಕೂಸಿಗೆ ಬಾಯಿ ಎಲ್ಲಿ ಇಡಬೇಕು ಅಂತ ಯಾರು ಹೇಳಿಕೊಟ್ಟರು? ಆಕೆ ನಕ್ಕು ಹಿಂದಿಯಲ್ಲಿ ಹೇಳಿದರು: "ಅದು ಗೋದಾಮಲ್ಲ ಭಯ್ಯಾ. ಮಗು ಕುಡಿದ ಹಾಗೆ ಬರುತ್ತೆ. ಹೊಟ್ಟೆ ತುಂಬಿದ್ದರೆ ದಿನಕ್ಕೆ ಆರು ಬಟ್ಟೆಯಾದರೂ ಉಚ್ಚೆಯಿಂದ ಒದ್ದೆ ಆಗಬೇಕು, ಅದನ್ನ ನೋಡಿ. ಹಾಲು ಕೊಡುವಾಗ ತಾಯಿಗೆ ಬಾಯಾರುತ್ತೆ, ಅದನ್ನೂ ನೋಡಿ." ಎಣಿಸುವ ಕೆಲಸ ನನಗೆ ಇಷ್ಟವಾಯಿತು. ಎರಡನೇ ಮಾತು ಅಲ್ಲೇ ಮರೆತುಹೋಯಿತು.

ಮಾರನೇ ದಿನ ಮಧ್ಯಾಹ್ನದ ಊಟದ ಗಲಾಟೆ ಮುಗಿಸಿ ಮನೆಗೆ ಓಡಿದೆ. ಬಾಲ್ಕನಿ ಹಗ್ಗದ ಮೇಲೆ ನಾಲ್ಕೇ ಬಟ್ಟೆ. ಅಲ್ಲಿಂದಲೇ ಕೂಗಿದೆ.

"ಸುಜಾತಾ, ನಾಲ್ಕೇ! ಡಬ್ಬಿ ತರ್ತೇನೆ, ನೀನು ಅಳ್ಬೇಡ."

"ಎಂತ ನಾಲ್ಕು?"

"ಒದ್ದೆ ಬಟ್ಟೆ!"

"ಮಾರಾಯ್ರೆ, ಇದು ಡೆಲ್ಲಿಯ ಜೂನ್ ಬಿಸಿಲು. ಹಾಕಿದ ಹತ್ತು ನಿಮಿಷಕ್ಕೆ ಒಣಗ್ತದೆ. ಒಣಗಿದ್ದು ಮಡಚಿಟ್ಟಿದ್ದೇನೆ, ಕಾಣುದಿಲ್ವಾ?"

ಮಂಚದ ಮೇಲೆ ಮಡಚಿಟ್ಟದ್ದು ಐದು. ಒಟ್ಟು ಒಂಬತ್ತು! ನಂಬಿಕೆ ಬಾರದೆ ಇನ್ನೊಮ್ಮೆ ಎಣಿಸಿದೆ. ಆಗಲೂ ಒಂಬತ್ತೇ. ಕೂಸು ಹೊಟ್ಟೆ ತುಂಬಾ ಕುಡಿಯುತ್ತಿತ್ತು. ಅತ್ತೆಗೆ ಫೋನ್ ಮಾಡಿ ಒಂಬತ್ತು ಅಂತ ಕೂಗಿಬಿಡೋಣ ಅನ್ನಿಸಿತು.

"ಎಣಿಸಿದ್ದು ಸಾಕು. ಗಂಟೆಯಿಂದ ಇವಳು ಎದೆ ಬಿಡ್ಲಿಲ್ಲ, ನನಗೆ ಏಳ್ಲಿಕ್ಕಾಗ್ಲಿಲ್ಲ. ಒಂದು ಲೋಟ ನೀರು ಕೊಡ್ತೀರಾ?"

ಹೋಟೆಲಿನಲ್ಲಿ ಗಿರಾಕಿ ಕುರ್ಚಿ ಎಳೆಯುವ ಮೊದಲೇ ಮೇಜಿನ ಮೇಲೆ ನನ್ನ ನೀರಿರುತ್ತದೆ. ಗುರುತಿಲ್ಲದವರಿಗೆಲ್ಲ ಕೇಳದೆ ಇಟ್ಟಿದ್ದೇನೆ. ತಲೆ ತಗ್ಗಿಸಿ ತಂದುಕೊಟ್ಟೆ. ಒಂದೇ ಗುಟುಕಿಗೆ ಖಾಲಿ ಮಾಡಿ ಲೋಟ ಮುಂದೆ ಚಾಚಿದಳು.

"ನಾರ್ಮಲ್ಲಾ, ಕೂಲಾ?" ಅಂತ ಬಾಯಿಗೆ ಬಂದೇಬಿಟ್ಟಿತು.

ಅವಳು ನೋಡಿದ ನೋಟಕ್ಕೆ ಜಗ್ಗನ್ನೇ ತಂದಿಟ್ಟೆ.